ಹಂತ ಹಂತವಾಗಿ ಕಲಿಯುವ ಮಗು



ಬೆತ್ಸಾಯಿದದ ಕುರುಡನನ್ನು ಯೇಸುಸ್ವಾಮಿ ಗುಣಪಡಿಸಿದ ಪ್ರಸಂಗವನ್ನು ಮಾರ್ಕನ ಶುಭಸಂದೇಶದ 8ನೇ ಅಧ್ಯಾಯದಲ್ಲಿ ಓದುತ್ತೇವೆ. ಮೊದಲ ಸಲ ಕೈಯಿಟ್ಟಾಗ ಅವನಿಗೆ ಎಲ್ಲವೂ ಮಸುಕಾಗಿ ಕಂಡಿತು. ಸ್ವಾಮಿ ಬೇಸರಿಸದೆ ಮತ್ತೊಮ್ಮೆ ಕೈಯಿಟ್ಟರು. ಆಟಿಸಂ ಇರುವ ಮಗುವಿಗೆ ಕಲಿಸುವವರಿಗೂ ಇದೇ ತಾಳ್ಮೆ ಬೇಕು.

ಆಟಿಸಂ ವಾಸಿಮಾಡಬೇಕಾದ ರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಇಂತಹ ಮಕ್ಕಳಿಗೆ ಕಲಿಸಲು ಬಳಸುವ ವಿಧಾನಗಳಲ್ಲಿ 'ಅನ್ವಯಿಕ ವರ್ತನಾ ವಿಶ್ಲೇಷಣೆ' ಒಂದು. ಕೆಲಸವನ್ನು ಚಿಕ್ಕ ಹಂತಗಳಾಗಿ ಒಡೆಯುವುದು, ಮಾಡಿದೊಡನೆ ಮೆಚ್ಚುವುದು, ನಮ್ಮ ಆಸರೆಯನ್ನು ಮೆಲ್ಲನೆ ಕಡಿಮೆಮಾಡುವುದು ಇದರ ತಿರುಳು.

ಶಿಲುಬೆಯ ಗುರುತನ್ನೇ ತೆಗೆದುಕೊಳ್ಳಿ. ಹಣೆ, ಎದೆ, ಎಡಭುಜ, ಬಲಭುಜ, ಕೈಜೋಡಿಸುವುದು ಎಂದು 5 ಹಂತ. ಮಗು ಒಪ್ಪಿದರೆ ಕೈಹಿಡಿದು ಮೊದಲ 4 ಹಂತ ಮಾಡಿಸಿ, ಕೊನೆಯದನ್ನು ಅದಕ್ಕೇ ಬಿಡಿ. ಕೈಜೋಡಿಸಿದೊಡನೆ ಹೊಗಳಿ, ಅದಕ್ಕೆ ಇಷ್ಟವಾದುದನ್ನು ಕೊಡಿ. ಅದು ರೂಢಿಯಾದ ಮೇಲೆ ಕೊನೆಯ 2 ಹಂತ ಬಿಡಿ. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ ಮಗು ಪ್ರತಿ ಸಲವೂ ಗೆಲುವಿನಲ್ಲೇ ಮುಗಿಸುತ್ತದೆ. ಕೈತೊಳೆಯುವುದು, ಅಂಗಿ ತೊಡುವುದನ್ನೂ ಹೀಗೆಯೇ ಕಲಿಸಬಹುದು.

ಬಲಿಪೂಜೆಯ ನಡುವೆ ಮಗು ಕಿರುಚಿದರೆ? ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನು ದೊರೆಯಿತು ಎಂಬುದನ್ನು ಗಮನಿಸಿ. ಧ್ವನಿವರ್ಧಕದ ಸದ್ದು ಅದಕ್ಕೆ ಹಿಂಸೆಯಾಗಿರಬಹುದು. ಕಿರುಚಿದಾಗ ಮಾತ್ರ ಹೊರಗೆ ಕರೆದೊಯ್ದರೆ, ಹೊರಹೋಗಲು ಕಿರುಚುವುದೇ ದಾರಿ ಎಂದು ಅದು ಕಲಿಯುತ್ತದೆ. 'ಹೊರಗೆ ಹೋಗೋಣ' ಎನ್ನಲು ಒಂದು ಸನ್ನೆಯನ್ನೋ ಚಿತ್ರವನ್ನೋ ಕಲಿಸಿ. ತೋರಿಸಿದೊಡನೆ ಕರೆದೊಯ್ಯಿರಿ. ಆಗ ಕಿರುಚಾಟದ ಜಾಗಕ್ಕೆ ಮಾತು ಬರುತ್ತದೆ.

ಒಂದು ಎಚ್ಚರಿಕೆ. 1987ರಲ್ಲಿ ಅಮೆರಿಕದ ಐವಾರ್ ಲೋವಾಸ್ ಪ್ರಕಟಿಸಿದ ಅಧ್ಯಯನದಿಂದ ಈ ವಿಧಾನಕ್ಕೆ ಹೆಸರು ಬಂತು. ಆದರೆ ಅಲ್ಲಿ ಗದರಿಕೆಯೂ ತೊಡೆಗೆ ಏಟೂ ಇದ್ದವು. ಈ ಬಗೆಯ ತರಬೇತಿಯಲ್ಲಿ ಬೆಳೆದ ಎಷ್ಟೋ ಮಂದಿ ದೊಡ್ಡವರಾದ ಮೇಲೆ ತಮ್ಮ ನೋವನ್ನು ಹೇಳಿಕೊಂಡಿದ್ದಾರೆ. ಆದ್ದರಿಂದ ಹೊಡೆಯುವ, ಊಟ ತಡೆಹಿಡಿಯುವ ಕಡೆಗೆ ಮಗುವನ್ನು ಕಳುಹಿಸಬೇಡಿ. ಕೈ ಬೀಸುವುದು, ತೂಗಾಡುವುದು ಯಾರಿಗೂ ಅಪಾಯವಲ್ಲದಿದ್ದರೆ ಬಿಟ್ಟುಬಿಡಿ. ಮಗುವನ್ನು ಇತರ ಮಕ್ಕಳಂತೆ ಕಾಣಿಸುವುದು ನಮ್ಮ ಗುರಿಯಲ್ಲ. ಅದರ ಬದುಕು ಹಗುರವಾಗಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಜ್ಞರ ಸಲಹೆ ದೊರೆಯುತ್ತದೆ.

ಧರ್ಮಕೇಂದ್ರದ ಬಂಧುಗಳೇ, ಇಂತಹ ಮಗುವಿನ ಸದ್ದಿಗೆ ತಿರುಗಿ ನೋಡಿ ಹುಬ್ಬುಗಂಟಿಕ್ಕಬೇಡಿ. ಆ ನೋಟಕ್ಕೆ ಅಂಜಿಯೇ ಕೆಲವು ತಾಯಂದಿರು ದೇವಾಲಯಕ್ಕೆ ಬರುವುದನ್ನು ಬಿಡುತ್ತಾರೆ. ಬಾಗಿಲ ಬಳಿಯ ಬೆಂಚನ್ನು ಅವರಿಗಾಗಿ ಬಿಟ್ಟುಕೊಡಿ.

ಈ ವಾರ ಮನೆಯಲ್ಲಿ: ಒಂದೇ ಒಂದು ಕೆಲಸ ಆರಿಸಿ, ಅದರ ಹಂತಗಳನ್ನು ಬರೆದುಕೊಳ್ಳಿ. ಕೊನೆಯ ಹಂತದಿಂದ ಆರಂಭಿಸಿ. ಮಕ್ಕಳನ್ನು ಬಳಿಗೆ ಕರೆದು ಹರಸಿದ ಸ್ವಾಮಿ ನಿಮ್ಮ ತಾಳ್ಮೆಯನ್ನೂ ಹರಸಲಿ.