ಬೀಜದ ಚೀಟಿಯೂ ರಸೀದಿಯೂ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಬಿತ್ತಿಗೆಯ ಹದವು ಕೆಲವೇ ದಿನಗಳದು. ಆ ಅವಸರವೇ ವಂಚಕನ ಬಂಡವಾಳ. ‘ರಸೀದಿ ಬೇಡವೆಂದರೆ ಬೆಲೆ ಕಡಿಮೆ’ ಎಂಬ ಮಾತು ಬಂದೊಡನೆ ಎಚ್ಚರ ತಾಳತಕ್ಕದ್ದು, ರಸೀದಿಯಿಲ್ಲದವನಿಗೆ ಸಾಕ್ಷ್ಯವಿಲ್ಲ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಉತ್ಪಾದಕನ ಸ್ವಂತ ಹೊಣೆಯ ಬೀಜಕ್ಕೆ ಹಸಿರು ಚೀಟಿ ಇರುತ್ತದೆ. ತಳಿ, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕಗಳನ್ನು ಅದರಲ್ಲಿ ಓದಿಕೊಳ್ಳಬೇಕು. ಲಾಟ್ ಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿ, ಚೀಟಿ, ಚೀಲ ಹಾಗೂ ಹಿಡಿ ಬೀಜವನ್ನು ಸುಗ್ಗಿಯವರೆಗೆ ಕಾದಿರಿಸಬೇಕು. ಬೀಜ ನಾಟದಿದ್ದರೆ, ಹೊಲವನ್ನು ಹರಗುವ ಮೊದಲೇ ಕೃಷಿ ಅಧಿಕಾರಿಗಳಿಗೆ ತೋರಿಸಬೇಕು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಎತ್ತಿಹಿಡಿದಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ನಮ್ಮ ವಿದ್ಯಾರ್ಥಿಗಳು ಮನೆಯ ಹಿರಿಯರಿಗೆ ಆ ಚೀಟಿಯನ್ನು ಓದಿ ಹೇಳುವಂತಾಗಲಿ.