ಕಾರಿನ ಮುಗ್ಗಲು ವಾಸನೆಗೆ ಸೆಂಟು ಮದ್ದಲ್ಲ

ದೀಪಾವಳಿ ಜಾತ್ರೆಗೆ ಮಹದೇಶ್ವರ ಬೆಟ್ಟಕ್ಕೆ ಮನೆಮಂದಿಯೆಲ್ಲ ಹೊರಟಿದ್ದೀರಿ. ಹನೂರು ದಾಟುತ್ತಲೇ ಮಳೆ. ಗಾಜು ಏರಿಸಿ ಎ.ಸಿ. ಹಾಕಿದರೆ ತಂಪಿಗಿಂತ ಮೊದಲು ಒದ್ದೆ ಗೋಣಿಚೀಲದಂಥ ನಾತ ಬರುತ್ತದೆ. ತಾಳುಬೆಟ್ಟದ ತಿರುವುಗಳು ಶುರುವಾಗುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಯಾರಿಗಾದರೂ ವಾಂತಿ ಗ್ಯಾರಂಟಿ.

ಡ್ಯಾಶ್‌ಬೋರ್ಡಿನ ಒಳಗೆ ಅಲ್ಯೂಮಿನಿಯಂ ಕೂಲಿಂಗ್ ಕಾಯಿಲ್ ಇರುತ್ತದೆ. ಎ.ಸಿ. ಓಡುವಾಗ ಗಾಳಿಯ ತೇವ ಅದರ ಮೇಲೆ ನೀರಾಗಿ ಇಳಿಯುತ್ತದೆ. ಕಾರು ನಿಂತ ಮೇಲೆ ಆ ತೇವ ಕತ್ತಲಲ್ಲೇ ಉಳಿದು, ಧೂಳಿನೊಡನೆ ಸೇರಿ ಬೂಸು ಹಿಡಿಯುತ್ತದೆ. ನಾತ ಅದರದ್ದೇ. ನಮ್ಮ ಸೀಮೆಯಲ್ಲಿ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಜೋರು ಮಳೆ, ಉಳಿದಂತೆ ಧೂಳು. ಬೂಸಿಗೆ ಇನ್ನೇನು ಬೇಕು?

1. ಊರು ತಲುಪುವ ಮೊದಲೇ ಎ.ಸಿ. ಆರಿಸಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುತ್ತಿದ್ದರೆ ಮಾಂಬಳ್ಳಿ ದಾಟಿದ ಮೇಲೆ ಎ.ಸಿ. ಗುಂಡಿ ಒತ್ತಿ ಆರಿಸಿ, ಫ್ಯಾನ್ ಮಾತ್ರ ಜೋರಾಗಿ ಓಡಲಿ. ಐದು ನಿಮಿಷದ ಗಾಳಿಗೆ ಕಾಯಿಲ್ ಬಹುಪಾಲು ಒಣಗುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಅದಕ್ಕೇ ಇರಬೇಕು, ಯಾರೂ ಮಾಡುವುದಿಲ್ಲ.

2. ಹೊರಗಾಳಿಗೆ ದಾರಿ ಬಿಡಿ. ಕಾರಿನ ಚಿತ್ರದೊಳಗೆ ಸುತ್ತುವ ಬಾಣವಿರುವ ಗುಂಡಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿ ಮುಂದಿದ್ದರೆ ಆ ಗುಂಡಿ ಒತ್ತಿ. ಲಾರಿ ಹಿಂದೆ ಬಿದ್ದ ಮೇಲೆ ತೆಗೆಯಲು ಮರೆಯಬೇಡಿ.

3. ಎ.ಸಿ. ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಎಡಗಡೆ ಸೀಟಿನ ಮುಂದಿನ ಡಬ್ಬದ ಹಿಂದೆ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಕೈಯಲ್ಲೇ ಬಿಚ್ಚಬಹುದು. ವರ್ಷಕ್ಕೊಮ್ಮೆ ಅಥವಾ 10,000–15,000 ಕಿ.ಮೀ.ಗೆ ಬದಲಿಸುವುದು ವಾಡಿಕೆ. ಮಣ್ಣುರಸ್ತೆಯ ಓಡಾಟವಿದ್ದರೆ ಇನ್ನೂ ಬೇಗ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ. ಹಳೆಯ ಸಣ್ಣ ಕಾರುಗಳಲ್ಲಿ ಕೆಲವಕ್ಕೆ ಫಿಲ್ಟರೇ ಇಲ್ಲ, ಹುಡುಕಿ ಸುಸ್ತಾಗಬೇಡಿ.

4. ನೀರು ತೊಟ್ಟಿಕ್ಕುತ್ತಿದೆಯೇ? ಎ.ಸಿ. ಓಡುವಾಗ ಕಾರಿನಡಿ ನೀರು ಬೀಳುವುದು ಒಳ್ಳೆಯ ಲಕ್ಷಣ. ಸೆಕೆಯ ದಿನವೂ ನೆಲ ಒಣಗಿದ್ದು, ಎಡಗಡೆ ಕಾಲಡಿಯ ಕಾರ್ಪೆಟ್ ಒದ್ದೆಯಾಗಿದ್ದರೆ ನೀರಿನ ಪೈಪು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಮೆಕ್ಯಾನಿಕ್ ಕೈಲಿ ಬಿಡಿಸಿ.

5. ಬಾನೆಟ್ ಎತ್ತಿ ಎಲೆ ಬಾಚಿ. ಹುಣಸೆ, ಹೊಂಗೆ, ಬೇವಿನ ನೆರಳಲ್ಲಿ ನಿಂತ ಕಾರಿನ ವೈಪರ್ ಬುಡದ ಜಾಲರಿಯಲ್ಲಿ ಎಲೆ ತುಂಬಿ ಕೊಳೆಯುತ್ತದೆ. ಹೊರಗಾಳಿ ಒಳಬರುವುದು ಅಲ್ಲಿಂದಲೇ.

6. ಮನೆಯ ಔಷಧಿ ಕಾರಿಗೆ ಬೇಡ. ರೇಷ್ಮೆ ಸಾಕುವವರ ಮನೆಯಲ್ಲಿ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಇದ್ದೇ ಇರುತ್ತದೆ. ಹುಳುಮನೆ ಶುದ್ಧಿ ಮಾಡುವ ಮದ್ದು ಕಾರಿಗೂ ಆಗಲಿ ಎನಿಸುವುದು ಸಹಜ. ಆದರೆ ಬ್ಲೀಚಿಂಗ್ ನೀರು ಅಲ್ಯೂಮಿನಿಯಂ ಕಾಯಿಲನ್ನು ತಿನ್ನುತ್ತದೆ; ತೂತಾದರೆ ಗ್ಯಾಸು ಸೋರಿ ದೊಡ್ಡ ಖರ್ಚು. ಫಾರ್ಮಲಿನ್ ಇನ್ನೂ ಕೆಟ್ಟದ್ದು. ಹುಳುಮನೆಗೆ ಹೊಡೆದರೆ ಗಾಳಿಯಾಡಲು ಬಿಟ್ಟು ಆಮೇಲೆ ಒಳಹೋಗುತ್ತೇವೆ. ಕಾರಿನ ಕಿಂಡಿಯಿಂದ ಅದು ನೇರ ಮಕ್ಕಳ ಮೂಗಿಗೆ ಬರುತ್ತದೆ. ಕಾಯಿಲ್ ತೊಳೆಯಲೆಂದೇ ಬರುವ ನೊರೆಯ ಸ್ಪ್ರೇ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಎಂಜಿನ್ ಆರಿಸಿ, ಡಬ್ಬಿಯ ಮೇಲೆ ಬರೆದಂತೆ ಹೊಡೆದು, ನೊರೆ ಕರಗಿ ಕೆಳಗೆ ಇಳಿಯುವವರೆಗೆ ಕಾಯಿರಿ. ಆಮೇಲೆ ಬಾಗಿಲು ತೆರೆದು ಫ್ಯಾನ್ ಓಡಿಸಿ.

7. ಒದ್ದೆಯನ್ನು ಒಳಗೆ ಬಿಡಬೇಡಿ. ಮಹದೇಶ್ವರ ಬೆಟ್ಟದ ಅಂತರಗಂಗೆಯಲ್ಲಿ ಮಿಂದ ಬಟ್ಟೆ, ಬಿಳಿಗಿರಿರಂಗನ ಬೆಟ್ಟದ ಮಂಜಿನಲ್ಲಿ ನೆಂದ ಸ್ವೆಟರ್, ರೇಷ್ಮೆಗೂಡು ತುಂಬಿದ್ದ ಚೀಲ, ಎಲ್ಲವೂ ಮನೆ ಸೇರಿದ ದಿನವೇ ಆಚೆ ಬರಲಿ. ಮ್ಯಾಟ್ ತೆಗೆದು ಬಿಸಿಲಿಗೆ ಹಾಕಿ, ನಾಲ್ಕೂ ಬಾಗಿಲು ತೆರೆದಿಡಿ. ಇದನ್ನು ಮನೆಯ ಮುಂದೆ ಮಾಡಿ. ಬೆಟ್ಟದ ಮೇಲೆ ಗಾಜು ಇಳಿಸಿಟ್ಟರೆ ಕೋತಿಗಳು ಒಳಗೇ ಊಟಕ್ಕೆ ಕೂರುತ್ತವೆ.

8. ಎಲ್ಲ ನಾತವೂ ಬೂಸಿನದಲ್ಲ. ಸಿಹಿ ವಾಸನೆಯ ಜೊತೆ ಗಾಜಿನ ಮೇಲೆ ಜಿಡ್ಡು ಮಂಜು ಕಟ್ಟಿದರೆ ಕೂಲೆಂಟ್ ಸೋರುತ್ತಿರಬಹುದು. ಕೊಳೆತ ನಾತ ದಿನೇದಿನೇ ಏರಿದರೆ ಬ್ಲೋಯರ್‌ನಲ್ಲಿ ಇಲಿ ಸತ್ತಿದೆಯೇ ನೋಡಿಸಿ. ಗದ್ದೆ ಬಯಲಿನ ಪಕ್ಕದ ಮನೆಗಳಿಗೆ ಇದು ಹೊಸದಲ್ಲ. ಪೆಟ್ರೋಲ್ ಅಥವಾ ಹೊಗೆಯ ವಾಸನೆ ಬಂದರೆ ಕಾರು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಸೆಂಟಿನ ಡಬ್ಬಿ ಕೊಳ್ಳುವುದಿದ್ದರೆ ಇಷ್ಟೆಲ್ಲ ಆದ ಮೇಲೆ ಕೊಳ್ಳಿ. ಅಷ್ಟರಲ್ಲಿ ಬಹುಶಃ ಅದು ಬೇಕಾಗುವುದಿಲ್ಲ.