ಕೋಳಿಮರಿಯ ಲಸಿಕೆ ಮತ್ತು ಅದರ ಜೋಪಾನ

ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬನು ಕೋಳಿಯ ಲಸಿಕೆಯನ್ನು ಕುರಿತು ಬರೆಯಹೊರಟಿರುವುದು ಕೆಲವು ಮಿತ್ರರಿಗೆ ವಿಚಿತ್ರವಾಗಿ ತೋರಬಹುದು. ನಮ್ಮ ತಂದೆಯವರು ನಗರದ ಹೊರಗಿನ ಒಂದು ಹ್ಯಾಚರಿಯ ಗಾಡಿಯನ್ನು ಓಡಿಸುತ್ತಾರೆ. ತ್ಯಾಗರಾಜನಗರದ ನಮ್ಮ ಮನೆಯಿಂದ ನಸುಕಿನಲ್ಲೇ ಹೊರಟು, ಒಂದು ದಿನದ ಮರಿಗಳನ್ನು ಕೋಲಾರದ ಕಡೆಯ ರೈತರಿಗೆ ತಲಪಿಸುವುದು ಅವರ ಕೆಲಸ. ರಜೆಯಲ್ಲಿ ಅವರ ಜೊತೆ ಹೋಗಿ ಕಂಡದ್ದನ್ನೂ ಅನಂತರ ಓದಿ ತಿಳಿದದ್ದನ್ನೂ ಇಲ್ಲಿ ಹೇಳಿದ್ದೇನೆ.

ಲಸಿಕೆಯ ವಿದ್ಯೆ ನಮ್ಮ ಊರಿಗೆ ಹೊಸದಲ್ಲ. ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಸ್ಥಾಪನೆಯಾಯಿತು. ಇಂದು ಬೇರೆ ಹೆಸರಿನಿಂದ ನಡೆಯುತ್ತಿರುವ ಆ ಸಂಸ್ಥೆಯಲ್ಲಿ ದನಕರುಗಳ ಲಸಿಕೆಯಷ್ಟೇ ಅಲ್ಲದೆ ಕೋಳಿಗಳ ಲಸಿಕೆಯೂ ತಯಾರಾಗುತ್ತದೆ. ನಮ್ಮವರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗಕ್ಕೆ ಕೊಡುವ ಲಸಿಕೆ ಇವುಗಳಲ್ಲಿ ಹೆಚ್ಚು ಪರಿಚಿತವಾದುದು. ತಯಾರಿಸುವುದು ಒಂದು ಕಷ್ಟ. ಕೆಡದಂತೆ ಮರಿಯ ಮೈಗೆ ಸೇರಿಸುವುದು ಇನ್ನೊಂದು.

ಕೊಕ್ಕರೆ ರೋಗದ ಲಸಿಕೆಗಳಲ್ಲಿ ಹಲವು, ರೋಗದ ಶಕ್ತಿಯನ್ನು ಕುಗ್ಗಿಸಿದ ಜೀವಂತ ವೈರಸ್ಸುಗಳು. ಒಣಗಿಸಿ ಸೀಸೆಯಲ್ಲಿಟ್ಟ ಇವುಗಳನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡ್ ಶೀತದಲ್ಲಿ, ಬಿಸಿಲು ತಾಗದಂತೆ ಇಡಬೇಕು. ಎಣ್ಣೆ ಬೆರೆಸಿದ ನಿರ್ಜೀವ ಲಸಿಕೆಗೂ ಅದೇ ಶೀತ ಸಾಕು. ಆದರೆ ಅದು ಹೆಪ್ಪುಗಟ್ಟಿದರೆ ಎಣ್ಣೆ ಬೇರ್ಪಟ್ಟು ಕೆಡುತ್ತದೆ. ಆದ್ದರಿಂದ ಫ್ರಿಜ್ಜಿನ ಬಾಗಿಲಲ್ಲೂ ಬೇಡ, ಮೇಲಿನ ಹಿಮದ ಗೂಡಿನಲ್ಲೂ ಬೇಡ. ನಡುವಿನ ಅಂತಸ್ತೇ ಸರಿ. ಊಟದ ಡಬ್ಬಿಯನ್ನು ಅಲ್ಲಿಯೇ ಇಟ್ಟು ಮತ್ತೆ ಮತ್ತೆ ಬಾಗಿಲು ತೆಗೆಯುವವರನ್ನು ನಾನೇ ನೋಡಿದ್ದೇನೆ!

ಮಾರೆಕ್ ರೋಗದ ಲಸಿಕೆಯದು ಇನ್ನೂ ಸೂಕ್ಷ್ಮ. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ವಿವರಿಸಿದ ರೋಗವಿದು. ಕಾಲುಗಳು ಸೋತು ಬೀಳುತ್ತವೆ, ಒಳಗೆ ಗೆಡ್ಡೆಗಳೇಳುತ್ತವೆ. ಕೋಳಿಮನೆಯ ಧೂಳಿನಲ್ಲೇ ಇದರ ವೈರಸ್ ಇರುವುದರಿಂದ, ಮರಿ ಹ್ಯಾಚರಿ ಬಿಡುವ ಮುನ್ನವೇ ಕತ್ತಿನ ಚರ್ಮದಡಿ ಚುಚ್ಚಬೇಕು. ಜೀವಕೋಶಗಳೊಳಗೆ ಅಡಗಿರುವ ಈ ಲಸಿಕೆಯ ಆಂಪ್ಯೂಲುಗಳು, ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದ ಜಾಡಿಯಲ್ಲಿರುತ್ತವೆ. ತೆಗೆಯುವಾಗ ಸಿಡಿಯಬಹುದಾದ್ದರಿಂದ ಮುಖಕ್ಕೂ ಕೈಗೂ ರಕ್ಷಣೆ ಬೇಕು. ಸುಮಾರು 27 ಡಿಗ್ರಿಯ ನೀರಿನಲ್ಲಿ ಬೇಗನೆ ಕರಗಿಸಿ, ಅದಕ್ಕೆಂದೇ ಬರುವ ದ್ರಾವಣದಲ್ಲಿ ಮೆಲ್ಲಗೆ ಬೆರೆಸಿ, ಒಂದು ಗಂಟೆಯೊಳಗೆ ಮುಗಿಸಬೇಕು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ.

ಸಾರಜನಕ ದಿನದಿನವೂ ಆವಿಯಾಗುತ್ತದೆ. ಅಳತೆಕೋಲನ್ನು ಜಾಡಿಯೊಳಗಿಳಿಸಿ ತೆಗೆದರೆ, ಹಿಮ ಹಿಡಿದಷ್ಟು ಎತ್ತರವೇ ದ್ರವದ ಮಟ್ಟ. ಅದನ್ನು ಪುಸ್ತಕದಲ್ಲಿ ಬರೆದಿಡಬೇಕು. ಮರಿಗಳಿಗೆ ಚುಚ್ಚುವ ಹೆಂಗಸೊಬ್ಬರು ನನಗೆ ಹೇಳಿದರು: "ನೋಡಪ್ಪ, ಸತ್ತ ಲಸಿಕೆನೂ ಬದುಕಿರೋ ಲಸಿಕೆನೂ ಕಣ್ಣಿಗೆ ಒಂದೇ ಥರ. ನಮಗಿರೋದು ಈ ಪುಸ್ತಕ ಒಂದೇ."

ಅದರ ಅರ್ಥ ತಡವಾಗಿ ತಿಳಿಯಿತು. ಮೊಟ್ಟೆಗೆಂದು ಸಾಕಿದ್ದ ಕೋಳಿಗಳು ಎರಡು ಮೂರು ತಿಂಗಳಾಗುವಷ್ಟರಲ್ಲಿ ಕಾಲು ಎಳೆಯತೊಡಗಿದಾಗ, ರೈತರೊಬ್ಬರು ನಮ್ಮ ತಂದೆಯವರನ್ನು ಬಾಗಿಲಲ್ಲಿ ನಿಲ್ಲಿಸಿ ಬೈದರು. ಮರಿ ತಂದಿಳಿಸಿದ ಮುಖ ಇವರದೇ ಅಲ್ಲವೆ? ಸಾಲ ಮಾಡಿ ಕೋಳಿಮನೆ ಕಟ್ಟಿದವರ ಕೋಪವನ್ನು ತಪ್ಪೆನ್ನಲಾಗದು. ಹಿಂತಿರುಗಿ ಪುಸ್ತಕ ತೆಗೆಸಿ ನೋಡಿದರೆ, ಆ ಮರಿಗಳು ಹೊರಟ ವಾರದಲ್ಲಿ ಹಬ್ಬದ ರಜೆಯ ನಾಲ್ಕು ದಿನ ಮಟ್ಟವನ್ನೇ ಬರೆದಿರಲಿಲ್ಲ. ಐದನೆಯ ದಿನ ಜಾಡಿ ತುಂಬಿಸಿದ ಲೆಕ್ಕವಿತ್ತು. ನಡುವೆ ಆಂಪ್ಯೂಲುಗಳು ಕರಗಿ ಮರಳಿ ಹೆಪ್ಪುಗಟ್ಟಿದುವೋ ಇಲ್ಲವೋ, ಯಾರೂ ಪ್ರಮಾಣ ಮಾಡಿ ಹೇಳುವಂತಿರಲಿಲ್ಲ. ರೈತರಿಗೆ ಪರಿಹಾರವೂ ಸಿಗಲಿಲ್ಲ.

ಈಗ ತಂದೆಯವರು ಪೆಟ್ಟಿಗೆಗಳನ್ನು ಗಾಡಿಗೇರಿಸುವ ಮುನ್ನ ಆ ಪುಸ್ತಕವನ್ನು ಕೇಳಿ ನೋಡುತ್ತಾರೆ. ಅವರಿಗೆ ಓದಲು ಬರುವುದು ಅಂಕಿಗಳು ಮಾತ್ರ. ಒಂದು ದಿನದ ಅಂಕಿ ಇಲ್ಲದಿದ್ದರೂ ಗಾಡಿ ಹೊರಡುವುದಿಲ್ಲ.